ಸೊಲ್ಲು ಹಿಡಿಯುವವರು ಬೇಕಾಗಿದ್ದಾರೆ

ನಮ್ಮ ಮೊಮ್ಮಗಳಿಗೆ ಮಧ್ಯಾಹ್ನ ನಿದ್ದೆ ಬರಬೇಕಾದರೆ ಅವಳ ಅಮ್ಮ ಮನೆಯಲ್ಲಿರಬೇಕಿತ್ತು. ಅವಳ ಅಮ್ಮನಿಗೋ, ಅಂದರೆ ನನ್ನ ಸೊಸೆಗೆ, ಹ್ಯಾಂಡ್‌ಪೋಸ್ಟ್ ಎಂಬ ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಔಷಧಿಯದೇ ಓದು ಓದಿದ್ದಳು. ಮಗು ಹುಟ್ಟಿದ ಮೇಲೆ ಆ ಓದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಅಂಗಡಿಯವರು, "ಒಂದು ವಾರ ಬಂದು ನೋಡಮ್ಮ. ಮಗು ಅಂತ ಮಧ್ಯಾಹ್ನಕ್ಕೇ ಓಡೋದಾದ್ರೆ ಬೇರೆಯವರನ್ನ ಇಟ್ಕೋತೀನಿ" ಎಂದು ಮೊದಲೇ ಹೇಳಿದ್ದರು.

"ಇವಳು ಮಲಗ್ದೆ ಅತ್ರೆ ನಾನು ಕೆಲಸ ಬುಟ್ಬುಡ್ತೀನಿ ಅತ್ತೆ" ಅಂದಳು.

"ಬುಡ್ತಾಳಂತೆ! ನಾನೇನು ಸತ್ತೋಗಿದ್ದೀನಾ? ಪದ ಯೋಳ್ಕೊಂಡು ಮಲಗುಸ್ತೀನಿ, ನೀನು ಓಗವ್ವ."

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಮಿರ್ಲೆ ಕಡೆಯವಳು. ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದ ಅಜ್ಜಿಯ ತೊಡೆಯ ಮೇಲೆ ಮಾತು ಕಲಿತವಳು. ಅಂತರಸಂತೆ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ, "ಪಾತ್ರೆ ಪಗಡ ತರೋ ಬದಲು ಬರೀ ಪದ ತಂದವ್ಳೆ" ಎಂದು ನಮ್ಮತ್ತೆ ಬಹಳ ದಿನ ಕೊರಗಿದ್ದುಂಟು.

ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತಿಕೊಡಬೇಕು, ಅಂದರೆ ಒಂದು ಸಾಲು ಹಾಡಬೇಕು. ಇನ್ನೊಬ್ಬರು ಅದೇ ಸಾಲನ್ನು ಹಿಡಿದು ತಿರುಗಿ ಹಾಡಬೇಕು. ಹಿಡಿಯುವವರಿಲ್ಲದೆ ಪದ ಮುಂದಕ್ಕೆ ಹೋಗುವುದಿಲ್ಲ. ಮೊಮ್ಮಗಳಿಗೆ ನಾನು ಅಭ್ಯಾಸ ಮಾಡಿಸಿದ್ದೂ ಹಾಗೆಯೇ. ನಾನು ಎತ್ತುವುದು, ಒಲೆ ಮುಂದಿನಿಂದ ಸೊಸೆ ಹಿಡಿಯುವುದು. ಹಿಡಿಯುವವಳೇ ಬಸ್ಸು ಹತ್ತಿ ಹೋಗುತ್ತಾಳೆ ಎನ್ನುವುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಸೋಮವಾರ ಮಧ್ಯಾಹ್ನ ಮಗುವಿಗೆ ಉಣ್ಣಿಸಿ, ಚಾಪೆಯ ಮೇಲೆ ಮಲಗಿಸಿ ಎತ್ತಿಕೊಂಡೆ:

"ಅಂಗಳ್ದಲ್ಲಿ ಅವರೆಕಾಯಿ ಸುಲೀತವ್ಳೆ ಕಾಣವ್ವ, ಸೋ..."

ಮಗು ಕಣ್ಣು ಮುಚ್ಚಿತು. ಮುಂದಿನ ಸಾಲಿಗೆ ಹೊರಟರೆ ತಟ್ಟನೆ ಎದ್ದು ಕುಳಿತಿತು. ಅಡುಗೆಮನೆ ಕಡೆ ನೋಡಿತು. ಯಾರೂ ಹಿಡಿಯಲಿಲ್ಲ. ನನ್ನ ಬಾಯಿಗೆ ಅಂಗೈ ಒತ್ತಿ, ಮುಂದಕ್ಕೆ ಹೋಗದಂತೆ ತಡೆಯಿತು. ನಾನೇ ಎತ್ತಿ, ದನಿ ಬದಲಿಸಿ ನಾನೇ ಹಿಡಿದೆ. ಮೋಸ ಗೊತ್ತಾಗಿ ಊರಿಗೆಲ್ಲ ಕೇಳುವಂತೆ ಅತ್ತಿತು.

ಯಜಮಾನರನ್ನು ಕರೆದೆ. "ಬನ್ನಿ ಇಲ್ಲಿ, ಸೊಲ್ಲು ಹಿಡೀರಿ."

"ಏನಮ್ಮೀ, ನಾನು ಯಾವತ್ತು ಪದ ಯೋಳಿದ್ದೀನಿ?"

"ನಾನು ಅಂದಿದ್ದನ್ನ ಅನ್ನಿ, ಸಾಕು."

ನೀರು ಬರುವ ಮುಂಚೆ ಪಂಪ್‌ಸೆಟ್ಟು ಕೆಮ್ಮುತ್ತದಲ್ಲ, ಅಂಥ ದನಿ ಅವರದು. ಮಗುವಿನ ತಕರಾರಿರಲಿಲ್ಲ. ಸಾಲು ತಿರುಗಿ ಬಂದರೆ ಸಾಕು, ಯಾರ ಗಂಟಲಿಂದ ಬಂದರೇನು? ಪದ ಸಾಗಿತು. ಪದದಲ್ಲಿ ಅವರೆಕಾಯಿ ಬೇಯಲು ಹಾಕುವಷ್ಟರಲ್ಲಿ ಸೊಲ್ಲಿನ ಬದಲು ಗೊರಕೆ ಬಂತು. ಮೊಮ್ಮಗಳು ಅಜ್ಜನ ಹೊಟ್ಟೆ ಹತ್ತಿ ಕುಳಿತು, ಎರಡೂ ಕೈಯಲ್ಲಿ ತುಟಿ ಅಗಲಿಸಿ, ಉಳಿದ ಪದ ಒಳಗೆಲ್ಲಿದೆ ಎಂದು ಇಣುಕಿ ನೋಡಿದಳು. ಅವರು ನಿದ್ದೆಯಲ್ಲೇ "ಹೋ, ಹೋ, ತಿರುಗು" ಎಂದು ಯಾವುದೋ ಎತ್ತನ್ನು ತಿರುಗಿಸಿದರು.

ಅಷ್ಟರಲ್ಲಿ ಸೊಸೆಯ ಫೋನು. "ಮಲಗಿದ್ಲಾ ಅತ್ತೆ?"

"ಒಬ್ರು ಮಲಗವ್ರೆ ಕಣವ್ವ."

ಪದ ಸಿಗದೆ ಮಗು ಮತ್ತೆ ಶುರು ಮಾಡಿದ್ದ ಅಳು ಅವಳಿಗೆ ಕೇಳಿಸಿರಬೇಕು. "ಬಂದ್ಬುಡ್ಲಾ?" ಎನ್ನುವಾಗ ಅವಳ ದನಿಯೂ ಒದ್ದೆಯಾಗಿತ್ತು. "ಒಸಿ ತಾಳು" ಎಂದೆ.

ಉಳಿದದ್ದು ಗೋಡೆಯಾಚೆಯ ಮನೆ. ನನ್ನ ಮೈದುನನ ಹೆಂಡತಿಯದು. ಮದುವೆಗಳಲ್ಲಿ ನನ್ನ ಸೊಲ್ಲು ಹಿಡಿಯುತ್ತಿದ್ದವಳೇ ಅವಳು. ಆದರೆ ನಾನು ಒಣಹಾಕಿದ್ದ ರಾಗಿಯನ್ನು ಅವಳ ಕೋಳಿಗಳು ಮೇದಿದ್ದವು. ನಾನೊಂದು ಅಂದೆ, ಅವಳೊಂದು ಅಂದಳು, ಆಮೇಲೆ ಇಬ್ಬರೂ ಏನೂ ಅನ್ನುವುದನ್ನೇ ಬಿಟ್ಟಿದ್ದೆವು. ಆದರೂ ಪದದವಳ ಕಿವಿಗೆ ಬಿದ್ದ ಸೊಲ್ಲು, ಮೂಗಿನ ತುದಿಗೆ ಬಂದ ಸೀನಿನ ಹಾಗೆ. ತಡೆಯಲಾಗದು. ನಾನು ಗೋಡೆಗೆ ಮುಖ ಮಾಡಿ ಜೋರಾಗಿ ಎತ್ತಿದೆ. ಆಮೇಲೆ ಆಚೆಯಿಂದ ಬಂತು: "...ಸುಲೀತವ್ಳೆ ಕಾಣವ್ವ, ಸೋ!"

ಮಗು ಮಲಗಿಕೊಂಡಿತು. ಅಷ್ಟಕ್ಕೆ ನಾನು ನೆಟ್ಟಗೆ ಮುಂದುವರಿಯಬೇಕಿತ್ತು. ನಾಲಿಗೆ ಕೇಳಬೇಕಲ್ಲ!

"ಕೆಂಪು ಹುಂಜದ ಒಡತಿ ರಾಗಿ ಕಳ್ಳಿ ಕಾಣವ್ವ, ಸೋ..."

"ಕೆಂಪು ಹುಂಜದ ಒಡತಿ ರಾಗಿ..." ಎಂದವಳು ಗಕ್ಕನೆ ನಿಂತಳು. ಹಿಂದೆಯೇ ತಾನೇ ಎತ್ತಿದಳು: "ರಾಗಿ ಅರವಿ ಕಾಯದೋಳು ಸೋಂಬೇರಿ ಕಾಣವ್ವ, ಸೋ!"

ಹಿಡಿಯದಿದ್ದರೆ ನಾನು ಸೋತ ಹಾಗೆ. ಹಿಡಿದೆ. ನನ್ನನ್ನು ನಾನೇ ರಾಗವಾಗಿ ಸೋಂಬೇರಿ ಎಂದು ಕರೆದುಕೊಂಡೆ. ಮೊಮ್ಮಗಳಿಗೆ ಇದು ಎಷ್ಟು ಹಿಡಿಸಿತೆಂದರೆ, ಎದ್ದು ಚಪ್ಪಾಳೆ ತಟ್ಟಿ ಕುಣಿಯತೊಡಗಿದಳು. ಫೋನು ಮತ್ತೆ ಬಡಿದುಕೊಂಡಿತು.

"ಲೇ" ಎಂದು ಗೋಡೆಗೆ ಹೇಳಿದೆ, "ನಮ್ಮ ಜಗಳ ಆಮೇಲೆ ಆಡುವ. ಕೂಸು ಮಲಗ್ಲಿಲ್ಲ ಅಂದ್ರೆ ಆ ಉಡುಗಿ ಕೆಲಸ ಓಯ್ತದೆ ಕಣೆ."

ಆಚೆ ಚಿಲಕದ ಸದ್ದಾಯಿತು. ಬಾಗಿಲಲ್ಲಿ ಬಂದು ನಿಂತವಳು, "ನಿನ್ನ ಮೋರೆ ನೋಡಕ್ಕೆ ಬಂದಿಲ್ಲ, ಕೂಸಿಗೆ ಬಂದಿವ್ನಿ" ಎಂದಳು.

"ಗೊತ್ತು, ಕೂತ್ಕೊ."

"ಮೆಲ್ಲಕೆ ಎತ್ತು. ಅದೇನು ಸಂತೇಲಿ ಮಾರೋಳಂಗೆ ಕಿರುಚ್ತೀಯ!"

ಮೆಲ್ಲಗೆ ಎತ್ತಿದೆ, ಮೆಲ್ಲಗೆ ಹಿಡಿದಳು. ಮಗು ನಮ್ಮ ನಡುವೆ ಮಲಗಿ, ಒಬ್ಬೊಬ್ಬರ ಮಡಿಲಿಗೆ ಒಂದೊಂದು ಕಾಲು ಹಾಕಿತು. ಹೀಗೆ ಹೋಗುತ್ತಿರುವಾಗ, ನನ್ನ ಸಾಲು ಮುಗಿದು ಅವಳದು ಶುರುವಾಗುವ ಮುಂಚೆ, ನಡುವಿನಿಂದ ಸಣ್ಣ ದನಿ ಬಂತು: "ಚೋ..."

ಅಲ್ಲಿಯವರೆಗೆ ಆ ಬಾಯಲ್ಲಿ ಅವ್ವ ಮತ್ತು ಕಾಗೆ ಕರೆಯುವ ಕಾಕಾ ಬಿಟ್ಟರೆ ಬೇರೆ ಮಾತಿರಲಿಲ್ಲ.

"ಅಕ್ಕಾ, ಸೊಲ್ಲು ಹಿಡಿದ್ಲಲ್ಲಕ್ಕಾ!" ನನ್ನ ಓರಗಿತ್ತಿ ಕಣ್ಣೊರೆಸಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಅಕ್ಕ ಬಂದಿತ್ತು.

"ಶ್! ಮಾತಾಡ್ಬ್ಯಾಡ ಕಣೆ, ಎಚ್ಚರಾಯ್ತದೆ."

ಮಗು ಮಲಗಿದ ಮೇಲೆ ಸೊಸೆಗೆ ನಾನೇ ಫೋನು ಮಾಡಿ ಪಿಸುಗುಟ್ಟಿದೆ. "ಹಂಗಾರೆ ಸಂಜೆ ಬಸ್ಸಿಗೇ ಬತ್ತೀನಿ ಅತ್ತೆ" ಎಂದಳು. ಯಾರೋ ಜ್ವರದ ಮಾತ್ರೆ ಕೇಳುತ್ತಿದ್ದರು. "ಊಟ ಆದ್ಮೇಲೆ ತಗೋಬೇಕು" ಎಂದು ಅವಳು ಗತ್ತಿನಿಂದ ಹೇಳಿದ್ದು ಕೇಳಿಸಿತು.

ಮಾರನೆಯ ಬೆಳಿಗ್ಗೆ ಸೊಸೆ ಇನ್ನೂ ಜಡೆ ಹೆಣೆಯುತ್ತಿರುವಾಗಲೇ ಓರಗಿತ್ತಿ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಬಂದಳು. "ನಿಮ್ಮನೆ ದಿಂಬು ಕಲ್ಲಿದ್ದಂಗೈತೆ" ಎಂದು ಅದನ್ನು ನಮ್ಮ ಚಾಪೆಯ ಮೇಲೆ ಎಸೆದು, ಸೊಸೆಯ ಕಡೆ ತಿರುಗಿದಳು. "ನಿಂತ್ಕೊಂಡು ಏನ್ ನೋಡ್ತೀಯವ್ವ? ಬಸ್ ಬತ್ತದೆ, ಓಡು."