ಜೋಳದ ಹಕ್ಕಿ ನೀರಿಗೆ ಬಂದಾಗ

ವಿಜಯಪುರದಿಂದ ಅಕ್ಕ ಮರಾಠಿ ಸೀಮೆಯ ಕೋಥರೂಡದ ನಮ್ಮ ಮನೆಗೆ ಬಂದಿದ್ದಾಗ, ಒಂದು ಭಾನುವಾರ ಬೆಳಿಗ್ಗೆ ಅವಳನ್ನೂ ಹಕ್ಕಿ ನೋಡಲು ಕರೆದುಕೊಂಡು ಹೋದೆ. ನಿವೃತ್ತಿಯ ನಂತರ ನಾನು ಸೇರಿಕೊಂಡಿದ್ದ ಪಕ್ಷಿವೀಕ್ಷಕರ ಗುಂಪು, ಗುಡ್ಡದ ಕಾಡಿನೊಳಗಿನ ಹಳೆಯ ಕಲ್ಲುಗಣಿಯ ಹೊಂಡದ ಬಳಿ ಸೇರುತ್ತಿತ್ತು. ನಮ್ಮ ಮುಂದಾಳು ಒಬ್ಬ ಮರಾಠಿ ಶಾಲೆಯ ಮೇಡಂ. ಅವರೆದುರು ಕೆಮ್ಮಬೇಕಾದರೂ ಕೈ ಎತ್ತಬೇಕು.

ಅಕ್ಕ ಕಡುಗೆಂಪು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೇಡಂ ಅದನ್ನು ಮೇಲಿನಿಂದ ಕೆಳಗಿನತನಕ ನೋಡಿ, ಆ ಬಣ್ಣ ಹಕ್ಕಿಗಳ ಕಣ್ಣಿಗೆ ಬೀಳದಂತೆ ಅವಳನ್ನು ಒಂದು ಪೊದೆಯ ಹಿಂದೆ ಕೂರಿಸಿದರು.

ಮಾರ್ಚ್ ತಿಂಗಳು, ಮುತ್ತುಗದ ಮರಗಳು ಹೂಬಿಟ್ಟಿದ್ದವು. ನಾವು ಕಾಯುತ್ತಿದ್ದುದು ಗುಲಾಬಿ ಮೈನಾಗಳಿಗೆ. ಚಳಿಗಾಲ ಇಲ್ಲಿ ಕಳೆದು ದೂರದ ಊರಿಗೆ ಮರಳುವ ಮುನ್ನ ಅವು ಹಿಂಡುಗಟ್ಟಿ ನೀರಿಗೆ ಇಳಿಯುತ್ತವೆ. ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕೂತ ಮೇಲೆ, ಇನ್ನೂರಾದರೂ ಹಕ್ಕಿಗಳು ಒಮ್ಮೆಲೇ ದಡಕ್ಕೆ ಇಳಿದವು. ಕ್ಯಾಮೆರಾಗಳು ಮೇಲೆದ್ದವು.

"ಹೋ... ಹೋಯ್! ಹಾ ಹಾ ಹಾ!"

ಜೊತೆಗೆ ನಾಲ್ಕು ಚಪ್ಪಾಳೆ. ಹೊಂಡ ಖಾಲಿ.

ಎಲ್ಲರೂ ತಿರುಗಿ ಅಕ್ಕನನ್ನು ನೋಡಿದರು. "ನಂದೇನ್ ತಪ್ಪೋ?" ಎಂದಳು ಅಕ್ಕ. "ಇವು ಜ್ವಾಳದ ಹಕ್ಕಿ! ಸಣ್ಣಾಕಿ ಇದ್ದಾಗಿಂದ ಹೊಲದಾಗ ಅಟ್ಟದ ಮ್ಯಾಲ ನಿಂತು ಓಡಿಸೇನಿ. ಕೈ ತಾವಾ ಎದ್ದುವು."

ಏನಂತೆ ಎಂದು ಮೇಡಂ ನನ್ನನ್ನು ಕೇಳಿದರು. ಕ್ಷಮೆ ಕೇಳುತ್ತಿದ್ದಾಳೆ ಎಂದು ಮರಾಠಿಯಲ್ಲಿ ಹೇಳಿದೆ.

"ಇಷ್ಟುದ್ದ ಕ್ಷಮೆಯೇ?"

ವಿಧಿಯಿಲ್ಲದೆ ಇದ್ದದ್ದನ್ನೇ ಹೇಳಿದೆ. ಮೇಡಂ ಮುಖ ಬಿಗಿದೇ ಇತ್ತು. ತಡೆದ ನಗುವಿಗೆ ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ಹಕ್ಕಿಗಳಿಗೆ ಬಾಯಾರಿತ್ತೇನೋ, ಹತ್ತೇ ನಿಮಿಷದಲ್ಲಿ ಮರಳಿದವು. ಈ ಸಲ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು. ಆದರೂ ಭುಜಗಳು ಚಡಪಡಿಸುತ್ತಿದ್ದವು. ಅಪಾಯವನ್ನು ಅರಿತ ಮೇಡಂ, ಆ ಕೈಗಳಿಗೊಂದು ಕೆಲಸವಾಗಲಿ ಎಂದು ತಮ್ಮ ದುರ್ಬೀನನ್ನೇ ಅವಳಿಗೆ ಕೊಟ್ಟರು.

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಪಿಸುಗುಟ್ಟಿದಳು: "ಅಯ್ಯ, ಭಾಳ ಚಂದ ಅದಾವಲ್ಲೋ! ಮೈಯೆಲ್ಲಾ ಗುಲಾಬಿ, ತಲಿಮ್ಯಾಲ ಜುಟ್ಟು ಬ್ಯಾರೆ. ನಾವು ಬರೇ ಬಾಲ ನೋಡಿದ್ವಿ."

ಮೇಡಂ ದುರ್ಬೀನಿಗಾಗಿ ಕೈ ಚಾಚಿದರು. ಅಕ್ಕ ಕಣ್ಣು ಕೀಳದೆ, ಸಿಟಿ ಬಸ್ಸಿನಲ್ಲಿ ಕಲಿತಿದ್ದ ತನ್ನ ಒಂದೇ ಒಂದು ಮರಾಠಿ ಮಾತನ್ನು ಹೇಳಿದಳು: "ಥಾಂಬಾ!"

ನಿಲ್ಲಿ ಎಂದರೆ ನಿಲ್ಲಬೇಕಲ್ಲ. ಮೇಡಂ ಬರಿಗಣ್ಣಿನಲ್ಲೇ ಹಕ್ಕಿ ನೋಡುತ್ತ ನಿಂತರು.