ನಿಮಗಿಂತ ಮೊದಲು ಪುಟ ತಿರುಗಿಸುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾದಂಬರಿಯೊಂದು ತೆರೆದಿದೆ. ಮುಚ್ಚಿಕೊಳ್ಳದಿರಲೆಂದು ಅದರ ಅಂಚಿಗೆ ಉಪ್ಪಿನ ಡಬ್ಬಿ ಇಟ್ಟಿದ್ದಾರೆ. ಓದುತ್ತಿರುವ ಮಹಿಳೆಗೆ ಐವತ್ತು ದಾಟಿದೆ. ಕಥೆಯೊಳಗೆ ಹುಡುಗನೊಬ್ಬ ಕೊಡ ಹಿಡಿದು ಬಾವಿಯ ಕಡೆ ಹೊರಟಿದ್ದಾನೆ. ಅವನು ವಾಪಸ್ ಬರುತ್ತಾನೋ ಇಲ್ಲವೋ ಎಂಬುದು ಇವರಿಗೆ ಬೇಗ ಗೊತ್ತಾಗಬೇಕು. ಏಕೆಂದರೆ ಬೇರೊಂದು ಊರಿನಲ್ಲಿ ತಂದೆಯೊಬ್ಬರು ಇದೇ ಪುಸ್ತಕವನ್ನು ಇದೇ ಜಾಗದಲ್ಲಿ ನಿಲ್ಲಿಸಿ ಕೂತಿದ್ದಾರೆ. ಅವರ ಸಂದೇಶ ಪಕ್ಕದ ಲ್ಯಾಪ್‌ಟಾಪಿನ ಮೇಲಿದೆ: “ಅಕ್ಕಾ, ಹುಡುಗ ನೀರಿಗೆ ಹೊರಟ. ಪುಟ ತಿರುಗಿಸ್ಲಾ, ಬೇಡ್ವಾ? ನನ್ನ ಮಗ ಹೋಗಿ ಇನ್ನೂ ವರ್ಷ ತುಂಬಿಲ್ಲ.”

ಮುಂದೆ ಯಾವ ಪುಸ್ತಕ ಓದಲಿ ಎಂದು ಹುಡುಕುವವರಿಗೆ ಜಾಲತಾಣಗಳ ಬರವಿಲ್ಲ. ಹಿಂದೆ ಮೆಚ್ಚಿದ ಪುಸ್ತಕದ ಹೆಸರು ಹಾಕಿದರೆ ಅದರ ನೆಂಟರಿಷ್ಟರನ್ನೆಲ್ಲ ಕರೆದು ತರುವ ತಾಣವಿದೆ. ನಗಬೇಕೋ, ಹೆದರಬೇಕೋ ಎಂದು ವಿಚಾರಿಸಿಕೊಂಡು ಆರಿಸಿಕೊಡುವ ತಾಣವಿದೆ. ಹತ್ತಿರದ ಯಾವ ಗ್ರಂಥಾಲಯದಲ್ಲಿ ಪ್ರತಿ ಸಿಗುತ್ತದೆ ಎಂದು ಹೇಳುವುದೂ ಇದೆ. ಎಲ್ಲವೂ ಉಪಯುಕ್ತವೇ. ಇವರು ಕೆಲಸ ಮಾಡುವ ತಾಣ ಅವುಗಳ ಮುಂದೆ ಚಿಕ್ಕದು. ಆದರೆ ಅಲ್ಲಿ ಇವರು ಓದಿದ ಪ್ರತಿ ಪುಸ್ತಕದ ಕೆಳಗೆ ‘ತಡೆದುಕೊಳ್ಳಬೇಕಾದದ್ದು’ ಎಂಬ ಒಂದು ಸಾಲಿರುತ್ತದೆ. ಈ ಕಥೆಯಲ್ಲಿ ಮಗು ಸಾಯುತ್ತದೆಯೇ, ಎಲ್ಲಿ, ಎಲ್ಲಿಂದ ಎಲ್ಲಿಗೆ ಹಾರಿದರೆ ಕಥೆಯ ಎಳೆ ತಪ್ಪುವುದಿಲ್ಲ, ಇಷ್ಟು ಮಾಹಿತಿ. ಬರೆದವರ ಹೆಸರಿಲ್ಲ. ಓದುಗರು ತಾವೇ ಇಟ್ಟ ಹೆಸರು ‘ಮುಂದೇನಕ್ಕ’.

ಹಗಲು ಅವರು ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಈ ಕೆಲಸಕ್ಕೆ ಸಿಗುವುದು ಬೆಳಗಿನ ಹೊತ್ತು ಮಾತ್ರ. ದಿನಕ್ಕೆ ಹತ್ತು ಹನ್ನೆರಡು ಪ್ರಶ್ನೆಗಳು ಬರುತ್ತವೆ. ಈವರೆಗೆ ಸಾವಿರಕ್ಕೂ ಹೆಚ್ಚು ಪುಸ್ತಕಗಳ ಕೆಳಗೆ ಅವರ ಸಾಲಿದೆ. ಜೊತೆಯಲ್ಲೇ ಇರುವ ನಾದಿನಿ ಒಲೆಯ ಮುಂದೆ ನಿಂತು ಛೇಡಿಸುತ್ತಾರೆ: “ಬೆಳಗಾಗೆದ್ದು ಯಾರ್ ಸತ್ರು ಅಂತ ನೋಡೋದು. ನಮ್ಮತ್ತಿಗೆ ಇರೋ ಮನೆಗೆ ಪೇಪರ್ ಯಾಕೆ ಬೇಕು ಹೇಳಿ.”

ಅತ್ತಿಗೆ ನಗುತ್ತಾರೆ. ಆದರೆ ಕಣ್ಣು ಪುಟದಿಂದ ಏಳುವುದಿಲ್ಲ.

ಅವರ ಒಬ್ಬನೇ ಮಗ ಒಂಬತ್ತನೇ ವಯಸ್ಸಿನಲ್ಲಿ ಹಳೆಯ ಕಲ್ಲುಗಣಿಯ ಹೊಂಡದಲ್ಲಿ ಮುಳುಗಿದ. ಕೆಲವು ತಿಂಗಳ ಮೇಲೆ ಪಕ್ಕದ ಮನೆಯವರು ಮನಸ್ಸು ಹಗುರಾಗಲಿ ಎಂದು ಒಂದು ನಗೆ ಕಾದಂಬರಿ ತಂದುಕೊಟ್ಟರು. “ಪಾಪ, ಅವರೂ ಪೂರ್ತಿ ಓದಿರ್ಲಿಲ್ಲ. ಮದುವೆ ಮನೆ ಗಲಾಟೆ, ಜಗಳ, ನಾನೂ ನಗ್ತಾ ಇದ್ದೆ. ಪುಟ ತಿರುಗಿಸಿದ್ರೆ ಕೆರೆ ದಡದಲ್ಲಿ ಪುಟ್ಟ ಚಪ್ಪಲಿ” ಎನ್ನುತ್ತಾರೆ. ಅಷ್ಟೇ ಹೇಳಿ ಲೋಟ ತೊಳೆಯಲು ಏಳುತ್ತಾರೆ. ಲೋಟ ಮೊದಲೇ ತೊಳೆದಿತ್ತು.

ಆರಂಭದಲ್ಲಿ ಅವರು ‘ಇಲ್ಲಿ ಮಗು ಸಾಯುತ್ತದೆ’ ಎಂದಷ್ಟೇ ಬರೆಯುತ್ತಿದ್ದರು. ಎಲ್ಲಿ ಎಂದು ಗೊತ್ತಿಲ್ಲದೆ ಪ್ರತಿ ಪುಟಕ್ಕೂ ಎದೆ ಹಿಡಿದುಕೊಳ್ಳಬೇಕಾಯಿತು ಎಂದು ಓದುಗರು ಹೇಳಿದ ಮೇಲೆ ಪುಟಸಂಖ್ಯೆ ಕೊಡತೊಡಗಿದರು. ಅಲ್ಲೊಂದು ಪೆಟ್ಟು ಬಿತ್ತು. ಒಬ್ಬ ತಾಯಿಯ ಕೈಯಲ್ಲಿದ್ದದ್ದು ಸಣ್ಣ ಅಕ್ಷರದ ಬೇರೆ ಮುದ್ರಣ. ಅಕ್ಕ ಹಾರಿ ಇಳಿಯಲು ಹೇಳಿದ ಪುಟದಲ್ಲೇ ಶವಯಾತ್ರೆ ಇತ್ತು. “ಹಾರಿಸ್ತೀನಿ ಅಂತ ಹೇಳಿ ನಡುಮಧ್ಯಕ್ಕೇ ತಳ್ಳಿಬಿಟ್ಟೆ. ಅವ್ರು ಬೈಯಲೂ ಇಲ್ಲ. ಮತ್ತೆ ಬರೆಯಲೇ ಇಲ್ಲ” ಎನ್ನುತ್ತಾರೆ. ಅಂದಿನಿಂದ ಪುಟಸಂಖ್ಯೆ ಕೊಡುವುದಿಲ್ಲ. ಯಾವ ವಾಕ್ಯದಲ್ಲಿ ನಿಲ್ಲಬೇಕು, ಯಾವ ವಾಕ್ಯದಲ್ಲಿ ಇಳಿಯಬೇಕು ಎಂದು ವಾಕ್ಯಗಳನ್ನೇ ಬರೆಯುತ್ತಾರೆ.

ಹಾಗೆ ಬರೆಯಬೇಕಾದರೆ ನಡುವಿನದನ್ನೆಲ್ಲ ಅವರು ಓದಲೇಬೇಕು. ಕಷ್ಟವಾಗುವುದಿಲ್ಲವೇ ಎಂದು ಕೇಳಿದೆ. “ನೀರು ಎಲ್ಲಿ ಮುಗಿಯುತ್ತೆ ಅಂತ ಹೇಳ್ಬೇಕಂದ್ರೆ ಯಾರಾದ್ರೂ ಒಬ್ರು ಇಳೀಬೇಕಲ್ಲ. ನಾನು ಹೇಗೂ ನೆಂದಿದೀನಿ.” ಬಸ್ ಓಡಿಸುವ ಗಂಡ ಮಗನ ಮಾತೆತ್ತುವುದಿಲ್ಲ. ಮೇಜಿನ ಮೇಲೆ ಹೊಸ ಪುಸ್ತಕ ಕಂಡರೆ ದೂರದಿಂದಲೇ “ಇದ್ರಲ್ಲಿದೆಯಾ?” ಎನ್ನುತ್ತಾರೆ. ಇಲ್ಲ ಎಂದರೆ ಮಾತ್ರ ಎತ್ತಿಕೊಳ್ಳುತ್ತಾರೆ.

‘ತಡೆದುಕೊಳ್ಳಬೇಕಾದದ್ದು’ ಎಂಬ ಈ ಸಾಲು ಇಂದು ಸಂಜೆಗೆ ಎಲ್ಲ ಪುಸ್ತಕಗಳ ಕೆಳಗಿನಿಂದಲೂ ಹೋಗಲಿದೆ. ತಾಣವನ್ನು ಕೊಂಡ ಹೊಸ ಕಂಪನಿಯ ಮ್ಯಾನೇಜರು ಕಳೆದ ವಾರ ಫೋನು ಮಾಡಿದ್ದರು. “ಮೇಡಂ, ಪುಸ್ತಕದ ಕೆಳಗೆ ಶ್ರದ್ಧಾಂಜಲಿ ಹಾಕಿದ ಹಾಗಿದೆ. ಜನ ಓದಿ ವಾಪಸ್ ಹೋಗ್ತಿದಾರೆ” ಎಂದರಂತೆ.

“ವಾಪಸ್ ಹೋಗ್ಲಿ ಅಂತಾನೇ ಸಾರ್ ಬರೆದಿರೋದು ಅಂದೆ. ಜೋಕ್ ಅಂದ್ಕೊಂಡು ನಕ್ರು.”

ಇನ್ನು ಮೇಲೆ ಪುಸ್ತಕಗಳ ಪರಿಚಯವನ್ನು ಯಂತ್ರವೇ ಬರೆಯುತ್ತದೆ. ಮೇಜಿನ ಮೇಲಿರುವ ಕಾದಂಬರಿಗೆ ಅದು ಆಗಲೇ ಬರೆದಿಟ್ಟಿದೆ: ‘ಬಾಲ್ಯದ ನವಿರಾದ ಕಥೆ.’ ಆ ತಂದೆ ಪುಸ್ತಕ ಕೊಂಡದ್ದು ಅದನ್ನು ನಂಬಿ.

ಪುಟ ತಿರುಗುತ್ತದೆ. ನಾದಿನಿ ಕೇಳುತ್ತಾರೆ: “ಬಂದ್ನಾ ಹುಡುಗ?”

“ಬಂದ. ಕೊಡ ಇಳಿಸಿದ.”

“ಅಬ್ಬ. ಬರೆದುಬಿಡು ಮತ್ತೆ.”

“ತಾಳು.” ಅವರು ಓದುತ್ತಲೇ ಹೋಗುತ್ತಾರೆ. ಕಿಟಕಿಗೆ ಬಿಸಿಲು ಬರುತ್ತದೆ. ಕೊನೆಗೆ ಉಪ್ಪಿನ ಡಬ್ಬಿ ಸರಿಸಿ ಪುಸ್ತಕ ಮುಚ್ಚುತ್ತಾರೆ. “ಆಮೇಲೆ ಜ್ವರ ಬರುತ್ತೆ ಕಣೇ. ಅಲ್ಲಿಂದ ಕೊನೆವರೆಗೂ ಬರೀ ಅವನಮ್ಮ. ಹಾರಿ ಇಳಿಯೋಕೆ ಜಾಗಾನೇ ಇಲ್ಲ.”

ನಾದಿನಿ ಒಲೆ ಆರಿಸುತ್ತಾರೆ.

ಅಕ್ಕ ಎರಡು ಬೆರಳಿನಲ್ಲಿ ನಿಧಾನವಾಗಿ ಟೈಪು ಮಾಡುತ್ತಾರೆ: “ಪುಟ ತಿರುಗಿಸಿ. ‘ಅಮ್ಮಾ, ಇವತ್ತು ನೀರು ತಣ್ಣಗಿದೆ’ ಅಂತ ಹುಡುಗ ಹೇಳೋವರೆಗೆ ಓದಿ. ಅಲ್ಲಿಗೇ ಮುಚ್ಚಿಟ್ಟುಬಿಡಿ. ಅಲ್ಲಿ ಚೆನ್ನಾಗಿದಾನೆ.” ಅದನ್ನೇ ತಾಣದಲ್ಲಿ ಆ ಪುಸ್ತಕದ ಕೆಳಗೂ ಹಾಕುತ್ತಾರೆ. ಸಂಜೆ ಅಳಿಸಿಹೋಗುವ ಸಾಲನ್ನು ಈಗ ಬರೆಯುವುದೇಕೆ ಎಂದು ನಾನು ಕೇಳುವ ಮೊದಲೇ ಅಂಗಡಿಗೆ ಹೊರಡಲು ಚೀಲ ಎತ್ತಿಕೊಂಡಿದ್ದಾರೆ.

“ಸಂಜೆವರೆಗೂ ಯಾರಾದ್ರೂ ನೋಡ್ಬಹುದು” ಎನ್ನುತ್ತಾರೆ. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. “ನಾಳೆಯಿಂದ ಅವರವರೇ ಪುಟ ತಿರುಗಿಸ್ಬೇಕು. ತಿರುಗಿಸುವಾಗ ಮನೇಲಿ ಇನ್ಯಾರಾದ್ರೂ ಇರ್ಲಿ. ಅಷ್ಟಿದ್ರೆ ಸಾಕು.”