ನಮ್ಮ ಗೋಡೆ, ಅವಳ ಮೊಳೆ

ಬಾಡಿಗೆಗೆ ಬರುವವರ ಸಂಬಳ ನೋಡಬೇಡಿ, ಕಸುಬು ನೋಡಿ. ಇದು ನನ್ನ ಅನುಭವದ ಮಾತು. ನೈಟಿ, ಲಂಗಗಳ ಗಂಟು ಹೊತ್ತು ಹೊಳಲ್ಕೆರೆ, ಹೊಸದುರ್ಗದ ಓಣಿಗಳನ್ನೆಲ್ಲ ಸುತ್ತಿ, ಹಿರಿಯೂರಿನ ಹೆಂಗಸರ ಜೊತೆ ಬಾಯಿ ನೋಯುವಷ್ಟು ಚೌಕಾಸಿ ಮಾಡಿ ಗಳಿಸಿದ ದುಡ್ಡಿನಲ್ಲಿ, ಚಿತ್ರದುರ್ಗದ ನಮ್ಮ ಹಳೇ ಮನೆಯ ಮೇಲೆ ಇನ್ನೊಂದು ಮನೆ ಎಬ್ಬಿಸಿದವಳು ನಾನು. ಜಾಗ ಮಾತ್ರ ಅತ್ತೆಯ ಹೆಸರಲ್ಲಿದೆ. ಆ ಕೊನೆಯ ಮಾತನ್ನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ.

ಆ ಮೇಲ್ಮನೆ ಖಾಲಿ ಬಿದ್ದಿದ್ದಾಗ ನೋಡಲು ಬಂದವಳು ಒಬ್ಬ ನರ್ಸು. ಹೊಸದುರ್ಗದಿಂದ ವರ್ಗವಾಗಿ ಬಂದ ಕ್ರೈಸ್ತರ ಹುಡುಗಿ. ಕಸುಬು ಕೇಳಿದ್ದೇ ನನ್ನ ಬಾಯಲ್ಲಿ ನೀರೂರಿತು. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಬೇಕು. ನನಗೆ ಸೂಜಿ ಅಂದರೆ ಆಗದು. ಕಾಂಪೌಂಡರು ಮನಸ್ಸು ಬಂದರೆ ಬರುತ್ತಾನೆ. ಮಹಡಿ ಮೇಲೆಯೇ ನರ್ಸಿದ್ದರೆ ಒಂದು ಕೂಗು ಸಾಕಲ್ಲ! ಆದರೆ ಅವಳ ಮುಂದೆ ಬಾಯಿ ಬಿಡಲಿಲ್ಲ. ಬೇಕಾದ್ದನ್ನು ಬೇಕು ಅಂತ ತೋರಿಸಿಕೊಂಡರೆ ಬೆಲೆ ಏರುತ್ತದೆ, ನೆನಪಿರಲಿ.

ಅವಳಿಗೂ ಮನೆ ತುರ್ತಾಗಿ ಬೇಕಿತ್ತು. ಹೋದಲ್ಲೆಲ್ಲ "ಯಾವ ಜನ?" ಅಂತ ಕೇಳಿ, ಆಮೇಲೆ "ತಿಳಿಸ್ತೀವಿ" ಅಂದು ಕಳಿಸಿದ್ದರಂತೆ. ನಮ್ಮಲ್ಲಿ ನೀರು, ಕರೆಂಟು, ಬಾಡಿಗೆ, ಎಲ್ಲ ಒಪ್ಪಿಗೆಯಾಯಿತು. ಕೊನೆಗೆ ನಡುಮನೆಯ ಗೋಡೆ ತೋರಿಸಿ, "ಅಕ್ಕಾ, ಇಲ್ಲೊಂದು ಮೊಳೆ ಹೊಡಕಂತೀನಿ. ನಮ್ಮ ಶಿಲುಬೆ ಹಾಕಾಕೆ," ಅಂದಳು.

ಮಂಡಿನೋವು ಅಂತ ವರ್ಷವೆಲ್ಲ ಮೆಟ್ಟಿಲು ಹತ್ತದ ಅತ್ತೆ, ಹೊಸಬರು ಬಂದಾರೆ ಅಂದರೆ ಮಾತ್ರ ಹತ್ತುತ್ತಾರೆ. ಬಾಗಿಲಲ್ಲೇ ಇದ್ದರು.

"ಮೊಳೆ ಆಗಾಕಿಲ್ಲ."

"ಸಣ್ಣದು ಅಜ್ಜಿ. ಪ್ಲಾಸ್ಟರ್ ಹಾಳಾಗಲ್ಲ."

"ನಮ್ಮ ಹಜರತ್ ಈಸಾ ಅವರಿಗೇ ಯಾರೂ ಮೊಳೆ ಹೊಡೆದಿಲ್ಲಮ್ಮ. ನಮ್ಮ ಗೋಡೆಗೂ ಹೊಡೆಯಂಗಿಲ್ಲ."

"ಈಸಾ ಅಂದ್ರೆ ಯಾರು?"

"ನೀವು ಯೇಸು ಅಂತೀರಲ್ಲ, ಅವರೇ."

"ಯೇಸು ನಿಮ್ಮಲ್ಲೂ ಇದಾರಾ?"

"ಇಲ್ದೆ ಏನು! ದೊಡ್ಡ ಪೈಗಂಬರು. ತಂದೆಯಿಲ್ದೆ ಹುಟ್ಟಿದವರು, ತೊಟ್ಟಿಲಾಗೇ ಮಾತಾಡಿ ತಾಯಿ ಮಾನ ಉಳಿಸಿದವರು. ಆ ತಾಯಿ, ಬೀಬಿ ಮರಿಯಮ್, ಅವರ ಹೆಸರಲ್ಲಿ ಕುರಾನಿನಾಗೆ ಒಂದು ಅಧ್ಯಾಯನೇ ಐತೆ. ಹೆರಿಗೆ ನೋವು ಬಂದಾಗ ಖರ್ಜೂರದ ಮರದ ಕೆಳಗೆ ಕುಂತಿದ್ರು. ಮರ ಅಲ್ಲಾಡಿಸಿದ್ರೆ ಹಣ್ಣು ಉದುರಿದ್ವು."

"ನಮ್ಮಲ್ಲಿ ದನದ ಕೊಟ್ಟಿಗೆ, ಅಜ್ಜಿ."

"ಕೊಟ್ಟಿಗೇನಾ? ಬಾಣಂತಿಗೆ ತಿನ್ನಾಕೆ ಏನು ಕೊಟ್ರು ಅಲ್ಲಿ?"

ನರ್ಸು ತಬ್ಬಿಬ್ಬಾದಳು. ಎಷ್ಟೋ ಹೆರಿಗೆ ಮಾಡಿಸಿದವಳು, ಈ ಪ್ರಶ್ನೆ ತನಗೇಕೆ ಹೊಳೆಯಲಿಲ್ಲ ಅನ್ನುವ ಹಾಗಿತ್ತು ಮುಖ. ಆಮೇಲೆ ನಿಧಾನಕ್ಕೆ, "ಅದಿರ್ಲಿ. ಅವರು ದೇವರ ಮಗ, ಅಜ್ಜಿ," ಅಂದಳು.

"ಅಲ್ಲೇ ನಿಲ್ಲು. ಪೈಗಂಬರು ಅನ್ನು, ನೂರು ಸಲ ತಲೆ ಬಗ್ಗಿಸ್ತೀನಿ. ದೇವರಿಗೆ ಹೆಂಡ್ರಿಲ್ಲ, ಮಕ್ಕಳಿಲ್ಲ." ನನ್ನ ಕಡೆ ನೋಡಿ ಸೇರಿಸಿದರು: "ಸೊಸೆ ಕಾಟನೂ ಇಲ್ಲ."

"ಶಿಲುಬೆ ಮೇಲೆ ಸತ್ತಿದ್ದು?"

"ಸಾಯಲೇ ಇಲ್ಲ. ಕೊಂದ್ವಿ ಅಂದ್ಕಂಡ್ರು, ಅಷ್ಟೆ. ಅಲ್ಲಾ ಅವರನ್ನ ಮೇಲಕ್ಕೆ ಎತ್ತಿಕಂಡ."

ಹುಡುಗಿಯ ದನಿ ಸಣ್ಣಗಾಯಿತು. "ನಮಗೋಸ್ಕರ ಸತ್ರು ಅನ್ನೋದನ್ನ ತೆಗೆದುಬಿಟ್ರೆ ನನ್ನ ಹತ್ರ ಏನು ಉಳೀತದೆ ಅಜ್ಜಿ?" ಅಂದವಳೇ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲ ಕಡೆ ತಿರುಗಿದಳು.

ನನ್ನ ಇನ್ಸುಲಿನ್ ಮೆಟ್ಟಿಲಿಳಿದು ಹೋಗುತ್ತಿತ್ತು! ಚೌಕಾಸಿ ಹರಿದುಹೋಗುವಂತಾದಾಗ ಜಗ್ಗಬಾರದು. ಇಬ್ಬರೂ ಆಗಲೇ ಒಪ್ಪಿಕೊಂಡಿರುವುದು ಏನಾದರೂ ಇದೆಯಾ ಅಂತ ಹುಡುಕಬೇಕು. ಸೀರೆ ಸೆರಗಿನ ಬಣ್ಣ ಒಪ್ಪದವರೂ ಅಂಚನ್ನು ಒಪ್ಪಿರುತ್ತಾರೆ.

"ಅಮ್ಮೀ, ಈಸಾ ಮತ್ತೆ ಬರ್ತಾರೋ ಇಲ್ವೋ?" ಅಂತ ಅತ್ತೆಯನ್ನು ಕೇಳಿದೆ.

"ಕಯಾಮತ್ತಿಗೆ, ಲೋಕ ಮುಗಿಯೋದಕ್ಕೆ ಮುಂಚೆ ಬಂದೇ ಬರ್ತಾರೆ. ಅದರಲ್ಲೇನು ಅನುಮಾನ?"

"ನಿಮ್ಮಲ್ಲಿ ಏನಮ್ಮ?"

ನರ್ಸು ಮೆಟ್ಟಿಲ ಮೇಲೇ ನಿಂತಳು. "ಬರ್ತಾರೆ."

"ನಿಮ್ಮಲ್ಲೂನಾ?" ಅತ್ತೆ ಅವಳನ್ನೇ ನೋಡಿದರು. ಆಮೇಲೆ ಕಂಬಿ ಹಿಡಿದು ಮೇಲಿನ ಮೆಟ್ಟಿಲ ಮೇಲೆ ಕುಂತರು. "ಹಂಗಾದ್ರೆ ಸುಮ್ಕೆ ನಾವ್ಯಾಕೆ ಜಗಳ ಆಡಾಣ? ಸತ್ತಿದ್ರೋ ಇಲ್ವೋ ಅಂತ ಬಂದಾಗ ಅವರನ್ನೇ ಕೇಳಾಣ. ಶಿಲುಬೇನ ಶೋಕೇಸಿನಾಗೆ ಇಟ್ಕ, ನಿನ್ನ ದೀನು, ನಿನ್ನ ಧರ್ಮ ನಿನಗೆ. ಅವರು ಬರೋಗಂಟ ಮೊಳೆ ಮಾತ್ರ ಬ್ಯಾಡ."

ಹುಡುಗಿ ಬ್ಯಾಗು ಹೆಗಲಿಂದ ಇಳಿಸಿದಳು. ಕಣ್ಣಂಚಿನಲ್ಲಿ ನಗು ಬಂತು.

"ಆಯ್ತಜ್ಜಿ. ಹಂಗಾದ್ರೆ ಅವರು ಬರೋಗಂಟ ಬಾಡಿಗೇನೂ ಏರಿಸಬಾರದು."

ನಾನು ಬಾಯಿ ತೆರೆಯುವಷ್ಟರಲ್ಲಿ ಜಾಗದ ಯಜಮಾನಿ "ಆಯ್ತು ಮಗಳೇ" ಅಂದುಬಿಟ್ಟಿದ್ದರು. ನಮ್ಮ ಮನೆಯಲ್ಲಿ ಹಿರಿಯರ ಮಾತು ಮುರಿಯುವಂತಿಲ್ಲ. ಮೇಲೆ ಅವಳೂ ಪ್ರಾರ್ಥನೆ ಮಾಡುತ್ತಾಳೆ, ಕೆಳಗೆ ಅತ್ತೆಯೂ ದುವಾ ಮಾಡುತ್ತಾರೆ. ಆದರೆ ಈಸಾ ಬೇಗ ಬರಲಿ ಅಂತ ಈ ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೊಳ್ಳುವವಳು ನಾನೇ.